ಹಳೆಯದೇ ಮೊದಲು ಯಾಕೆ?

ಚಿನಕುರಳಿಯ ನಮ್ಮ ಮನೆಯ ಹಿಂದೆ, ಒಂದು ಕಾಲಕ್ಕೆ ಆಲೆಮನೆ ಇದ್ದ ಜಾಗದಲ್ಲಿ, ಮೂರು ಗಾಡಿಗಳು ನಿಂತಿವೆ. ನಿಂತಿವೆ ಅನ್ನುವುದು ಗೌರವದ ಮಾತು, ಎರಡಂತೂ ಕೂತೇಬಿಟ್ಟಿವೆ. ತಾತ ಕೊಂಡ 1967ರ ಸಿಜೆ-3ಬಿ ಜೀಪು, ಅಪ್ಪ ಕೊಂಡ ಎಂಎಂ 540, ಚಿಕ್ಕಪ್ಪ ಹರಾಜಿನಲ್ಲಿ ಹಿಡಿದು ತಂದ ಜಿಪ್ಸಿ. ನನ್ನ ಫೆಲೋಶಿಪ್ಪಿನಲ್ಲಿ ಉಳಿದದ್ದು, ಕಬ್ಬಿನ ದುಡ್ಡು ಬಂದಮೇಲೆ ಅಣ್ಣ ಹಾಕುತ್ತೇನೆಂದದ್ದು ಎರಡೂ ಸೇರಿದರೆ ಒಂದೇ ಒಂದು ಗಾಡಿ ಮೇಲೇಳಬಹುದು. ಎರಡನೆಯದಕ್ಕೆ ಇನ್ನೆಷ್ಟು ವರ್ಷವೋ.

ಯಾವುದು ಮೊದಲು ಅಂತ ಕೇಳಿದರೆ ಊರಿಗೆ ಊರೇ ಒಂದೇ ಉತ್ತರ ಕೊಡುತ್ತದೆ. "ತಾತಂದ್ನೇ ಎತ್ರಪ್ಪ, ಅದು ಹಳೇದು." ಅಣ್ಣನ ರ‍್ಯಾಲಿ ಗೆಳೆಯರದು ಇನ್ನೂ ಒಂದು ಹೆಜ್ಜೆ ಮುಂದೆ. ಈಗಿರುವ ಡೀಸೆಲ್ ಎಂಜಿನ್ ಕಿತ್ತೆಸೆದು, ಎಲ್ಲಿಂದಾದರೂ ಪೆಟ್ರೋಲಿನ ಹರಿಕೇನ್ ಎಂಜಿನ್ ಹುಡುಕಿ ಕೂರಿಸಬೇಕು, ಮಿಲಿಟರಿ ಹಸಿರು ಬಳಿದು ಬಾನೆಟ್ಟಿನ ಮೇಲೆ ಬಿಳಿ ನಕ್ಷತ್ರ ಬರೆಯಬೇಕು. ಆಗ ಅದು 'ಒರಿಜಿನಲ್' ಆಗುತ್ತದಂತೆ.

ಯಾವ ಒರಿಜಿನಲ್? ಮಹೀಂದ್ರಾದವರು ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸಲು ಶುರುಮಾಡಿದ್ದೇ 1947ರಲ್ಲಿ. 3ಬಿ ಅನ್ನುವ ಮಾದರಿ ಅಮೆರಿಕದಲ್ಲಿ ಬಂದದ್ದು 1953ರಲ್ಲಿ, ಎರಡನೇ ಮಹಾಯುದ್ಧ ಮುಗಿದು ಎಂಟು ವರ್ಷವಾದ ಮೇಲೆ. ಹರಿಕೇನ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವುಗಳು ತಲೆಯ ಮೇಲೆ, ಎಕ್ಸಾಸ್ಟ್ ವಾಲ್ವುಗಳು ಪಕ್ಕದಲ್ಲಿ. ಹಾಗಾಗಿ ಎಂಜಿನ್ ಎತ್ತರವಾಯಿತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಿದರು. ಆ ಉಬ್ಬಿದ ಹಣೆ ನೋಡಿದವರಿಗೆ ಇದು ಯುದ್ಧದ ಜೀಪಲ್ಲ ಅನ್ನುವುದು ಅರ್ಧ ಮೈಲಿ ದೂರದಿಂದಲೇ ತಿಳಿಯುತ್ತದೆ. ನಮ್ಮ ಜೀಪು ಕಂಡದ್ದು ಬೆಲ್ಲದ ಪೆಂಟೆ, ವೈರಮುಡಿಗೆ ಮೇಲುಕೋಟೆ ಬೆಟ್ಟ ಹತ್ತುವ ನೆಂಟರು, ಚುನಾವಣೆಯ ಮೈಕು, ಸರಿರಾತ್ರಿಯಲ್ಲಿ ಪಾಂಡವಪುರದ ಆಸ್ಪತ್ರೆಗೆ ಹೋಗಬೇಕಾದ ಬಸುರಿಯರು. ನನ್ನ ದೊಡ್ಡತ್ತೆಯ ಮಗ ಹುಟ್ಟಿದ್ದು ಅದರ ಹಿಂದಿನ ಸೀಟಿನಲ್ಲಿ. ಅದಕ್ಕೆ ನಕ್ಷತ್ರ ಬರೆಯುವುದೆಂದರೆ ತಾತನ ಫೋಟೋಗೆ ಸೈನಿಕನ ಟೋಪಿ ಅಂಟಿಸಿದ ಹಾಗೆ.

ಇನ್ನು ಡೀಸೆಲ್. ಪೆಟ್ರೋಲಿನ ಖರ್ಚು ತಾಳಲಾರದೆ ತಾತನೇ ಎಂಜಿನ್ ಬದಲಿಸಿದ. ಇಂಥ ಸಾವಿರಾರು ಜೀಪುಗಳಿಗೆ ಆದದ್ದೂ ಅದೇ. ನಾನು ಓಲೆಗರಿ ಪ್ರತಿಗಳ ಮೇಲೆ ಸಂಶೋಧನೆ ಮಾಡುತ್ತಿರುವವನು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಪ್ರಕ್ಷಿಪ್ತ ಅನ್ನುತ್ತಾರೆ, ನಂತರದವರು ಸೇರಿಸಿದ್ದು. ಕವಿಯ ಪಾಠ ಹುಡುಕುವ ಸಂಪಾದಕ ಪ್ರಕ್ಷಿಪ್ತವನ್ನು ಬೇರ್ಪಡಿಸುತ್ತಾನೆ, ನಿಜ. ಆದರೆ ಅಡಿಟಿಪ್ಪಣಿಯಲ್ಲಿ ಉಳಿಸಿಕೊಳ್ಳುತ್ತಾನೆ, ಗುಜರಿಗೆ ಹಾಕುವುದಿಲ್ಲ. ಒಂದು ಗ್ರಂಥವನ್ನು ಊರು ಹೇಗೆ ಓದಿಕೊಂಡಿತು ಅನ್ನುವುದಕ್ಕೆ ಕೆಲವೊಮ್ಮೆ ಅದೊಂದೇ ಸಾಕ್ಷಿ.

ಸರ್ಕಾರವೂ ರ‍್ಯಾಲಿ ಗೆಳೆಯರ ಪಕ್ಷದಲ್ಲೇ ಇದೆ. 2021ರಲ್ಲಿ ಬಂದ ವಿಂಟೇಜ್ ವಾಹನ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಚಾಸಿಯಾಗಲಿ ಬಾಡಿಯಾಗಲಿ ಎಂಜಿನ್ನಾಗಲಿ ಗಣನೀಯವಾಗಿ ಬದಲಾಗಿರಬಾರದು. ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಇಷ್ಟೆಲ್ಲ ಆದಮೇಲೆ ಆ ಗಾಡಿಯನ್ನು ದಿನಬಳಕೆಗೆ ರಸ್ತೆಗಿಳಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ ಮಾತ್ರ. ಅಂದರೆ ದುಡಿದು ಬದಲಾದ ಜೀಪಿಗೆ ಮರ್ಯಾದೆ ಇಲ್ಲ, ಷೆಡ್ಡಿನಲ್ಲಿ ಹೊದ್ದು ಮಲಗಿದ್ದ ಜೀಪಿಗೆ ಉಂಟು.

ಅದಕ್ಕೇ ನನ್ನ ಮತ 540ಕ್ಕೆ. ಅದಕ್ಕೆ 50 ತುಂಬಿಲ್ಲ, ಹಾಗಾಗಿ ವಿಂಟೇಜ್ ಅಲ್ಲ. 15 ದಾಟಿ ಬಹಳ ಕಾಲವಾಯಿತು, ಹಾಗಾಗಿ ಕಚೇರಿಯ ಕಣ್ಣಿನಲ್ಲಿ ಅದು ಬರೀ ಮುದಿ ಗಾಡಿ. ನೋಂದಣಿ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್‌ನಿಂದ 5000 ಆಯಿತು. ಅದರ ಪರವಾಗಿ ಅಳುವವರೂ ಯಾರಿಲ್ಲ. ಈ ನಡುವಯಸ್ಸಿನಲ್ಲೇ ಗಾಡಿಗಳು ಗುಜರಿಗೆ ಹೋಗುವುದು. ಜೊತೆಗೆ ಅದರ ಪೂಜೋ ಡೀಸೆಲ್ ಎಂಜಿನ್ನಿನ ಪಂಪನ್ನು ಶಬ್ದ ಕೇಳಿಯೇ ಸರಿಮಾಡುವ ಮೆಕ್ಯಾನಿಕ್ಕು ಪಾಂಡವಪುರದಲ್ಲಿ ಇನ್ನೂ ಇದ್ದಾರೆ. ವಯಸ್ಸು ಎಪ್ಪತ್ತರ ಮೇಲೆ, ಒಂದು ಕಣ್ಣಿಗೆ ಪೊರೆ. ಬಿಡಿಭಾಗ ಹತ್ತು ವರ್ಷ ಬಿಟ್ಟು ಹುಡುಕಿದರೂ ಸಿಕ್ಕೀತು, ಆ ಕಿವಿ ಸಿಗುವುದಿಲ್ಲ. ಯಾವ ಗಾಡಿ ಹಳೆಯದು ಅಂತ ಎಣಿಸುವ ಬದಲು ಯಾವ ಗಾಡಿಯ ವಿದ್ಯೆ ಮೊದಲು ಕಣ್ಮರೆಯಾಗುತ್ತದೆ ಅಂತ ಯಾಕೆ ಯಾರೂ ಕೇಳುವುದಿಲ್ಲ?

ಅಣ್ಣನ ಒಂದು ಮಾತು ಮಾತ್ರ ನನ್ನನ್ನು ಕಟ್ಟಿಹಾಕಿತ್ತು. "ತುಕ್ಕು ಕಾಯಲ್ವಲ್ಲೋ." ನಿಜ, 3ಬಿಯ ಫ್ಲೋರಿನಲ್ಲಿ ಕೈ ತೂರುವಷ್ಟು ತೂತಾಗಿದೆ. ಆದರೆ ತುಕ್ಕು ತಡೆಯುವುದು ಬೇರೆ, ಗಾಡಿ ಎಬ್ಬಿಸುವುದು ಬೇರೆ. ನಾಲ್ಕು ಕಲ್ಲಿನ ಮೇಲೆ ಆಕ್ಸಲ್ ಎತ್ತಿ ಕೂರಿಸಿ, ಅಂಟಿದ ಮಣ್ಣು ತೊಳೆದು ಒಣಗಿಸಿ, ಚಾಸಿಗೆ ಎಣ್ಣೆ ಬಳಿದು, ಗಾಳಿಯಾಡುವಂತೆ ಟಾರ್ಪಾಲು ಕಟ್ಟಿದರೆ ಅದು ಕಾಯುತ್ತದೆ. ಹಸ್ತಪ್ರತಿ ಭಂಡಾರಗಳಲ್ಲಿ ನಡೆಯುವುದೂ ಇದೇ. ಎಲ್ಲ ಕಟ್ಟುಗಳಿಗೂ ಮೊದಲು ಧೂಳು ಹೊಡೆದು ಎಣ್ಣೆ ಸವರುತ್ತಾರೆ, ಸಂಪಾದನೆಗೆ ಎತ್ತಿಕೊಳ್ಳುವುದು ಒಂದನ್ನು.

ಜಿಪ್ಸಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. 1985ರಲ್ಲಿ ಬಂದ ಗಾಡಿ, ಮೊನ್ನೆ ಮೊನ್ನೆವರೆಗೂ ತಯಾರಾಗುತ್ತಿತ್ತು, ಈಗಲೂ ಹುಡುಗರು ಮುಗಿಬೀಳುತ್ತಾರೆ. ಅದನ್ನು ಉಳಿಸಲು ನಾನು ಬೇಕಿಲ್ಲ.

ಕಳೆದ ಭಾನುವಾರ 540ರ ಹಿಂದಿನ ಬ್ರೇಕ್ ಡ್ರಮ್ಮು ಬಿಚ್ಚಿದೆವು. ಎಡಗಡೆಯದು ಬಂತು, ಬಲಗಡೆಯದು ಜಪ್ಪಯ್ಯ ಅನ್ನಲಿಲ್ಲ. ಮೆಕ್ಯಾನಿಕ್ಕು ಕಲ್ಲಿನ ಮೇಲೆ ಕೂತು ಎಲೆಯಡಿಕೆ ಹಾಕುತ್ತಾ, ಸುತ್ತಿಗೆ ಎಲ್ಲಿಗೆ ಬೀಳಬೇಕು ಅಂತ ಬೆರಳಲ್ಲೇ ತೋರಿಸುತ್ತಿದ್ದರು. ಅಣ್ಣ ಟಾರ್ಚ್ ಹಿಡಿದಿದ್ದ, ನನ್ನ ಜೊತೆ ಮಾತಿಲ್ಲ. ಸಂಜೆ ಹೊರಡುವಾಗ ಅವರನ್ನೇ ಕೇಳಿದ, "ಹಸ್ರು ಬಣ್ಣ ಒಂದ್ ಗಾಡಿಗೆ ಎಷ್ಟ್ ಲೀಟ್ರು ಬೇಕಾಯ್ತದೆ?"