ಚಪಡನ ಹೆಸರುಂಟು, ಹಾಡಿದವರದ್ದೇಕಿಲ್ಲ?

ನಮ್ಮ ಪಿಎಚ್.ಡಿ. ಮಹಾಪ್ರಬಂಧಗಳಲ್ಲಿ ‘ಪೂರ್ವಾಧ್ಯಯನಗಳ ಸಮೀಕ್ಷೆ’ ಎಂಬ ಅಧ್ಯಾಯ ತಪ್ಪದೇ ಇರುತ್ತದೆ. ಇಸವಿ ಆವರಣದೊಳಗಿರಬೇಕೇ, ಅಲ್ಪವಿರಾಮ ಎಲ್ಲಿ ಬರಬೇಕು ಎಂಬ ಚರ್ಚೆಗೆ ಅಲ್ಲಿ ಕೊರತೆಯಿಲ್ಲ. ಮಾತು ಮೂಲತಃ ಯಾರದು ಎಂಬ ಪ್ರಶ್ನೆ ಮಾತ್ರ ಹಿಂದೆ ಸರಿಯುತ್ತದೆ ಎಂಬುದು ನನ್ನ ಆತಂಕ.

ಮೊಳಕಾಲ್ಮುರು ತಾಲ್ಲೂಕಿನ ಬಂಡೆಗಳು ಈ ವಿಷಯದಲ್ಲಿ ನಮಗಿಂತ ಶಿಸ್ತಿನವು. ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದ ಬ್ರಹ್ಮಗಿರಿಯ ಅಶೋಕ ಶಾಸನವು, ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರಿಂದ ಇಸಿಲದ ಮಹಾಮಾತ್ರರಿಗೆ ಆಜ್ಞೆ ಬಂದುದನ್ನು ತಿಳಿಸುತ್ತದೆ. ಕೊನೆಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ಆಜ್ಞೆ ಯಾರದು, ಯಾರ ಮೂಲಕ ಬಂತು, ಬರೆದವರು ಯಾರು ಎಂಬ ಮೂರಕ್ಕೂ ಅಲ್ಲಿ ಉತ್ತರವುಂಟು.

ಇಂದಿನ ಸಂಶೋಧಕರಲ್ಲಿ ಹಲವರು ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟವನ್ನು ತೆರೆಯದೆಯೇ, ಬೇರೊಬ್ಬರ ಅಡಿಟಿಪ್ಪಣಿಯಿಂದ ಅದರ ಪುಟಸಂಖ್ಯೆಯನ್ನು ಎತ್ತಿಕೊಳ್ಳುತ್ತಾರೆ. ಮಧ್ಯವರ್ತಿಯ ಹೆಸರನ್ನು ಮರೆಮಾಚುವುದೂ ಅಪ್ರಾಮಾಣಿಕತೆಯೇ.

ನೆರೆಯ ಚಳ್ಳಕೆರೆ ತಾಲ್ಲೂಕಿನದು ಇನ್ನೂ ಸೂಕ್ಷ್ಮ ಪ್ರಶ್ನೆ. ಅಕ್ಷರವನ್ನೇ ಕಲಿಯದ ನಾಡೋಜ ಸಿರಿಯಜ್ಜಿಯವರ ಕಂಠದಲ್ಲಿ ಸಾವಿರಾರು ಹಾಡುಗಳಿದ್ದವು. ಕೃಷ್ಣಮೂರ್ತಿ ಹನೂರರು ಅವನ್ನು ಸಂಗ್ರಹಿಸಿ ಪುಸ್ತಕರೂಪಕ್ಕೆ ತಂದರು. ಗಾಯಕಿಯ ಹೆಸರನ್ನೂ ಲೋಕಕ್ಕೆ ಸಾರಿದರು. ಆದರೆ ಪುಸ್ತಕವನ್ನು ಉಲ್ಲೇಖಿಸುವ ಪದ್ಧತಿಯಲ್ಲಿ ಸಂಪಾದಕ, ಪ್ರಕಾಶಕ, ಇಸವಿಗಳಿಗೆ ಸ್ಥಳವುಂಟು. ಹಾಡಿದವರಿಗೆ ಪ್ರತ್ಯೇಕ ಸ್ಥಳವಿಲ್ಲ. ಎಪಿಎ ಶೈಲಿಯಂತೂ ಧ್ವನಿಮುದ್ರಣವಿಲ್ಲದ ಸಂದರ್ಶನವನ್ನು ವೈಯಕ್ತಿಕ ಸಂವಹನವೆಂದು ಬರಹದೊಳಗೆ ಸೂಚಿಸಿ, ಆಕರಪಟ್ಟಿಯಿಂದ ಹೊರಗಿಡುತ್ತದೆ. ಓದುಗರು ಹುಡುಕಿ ಪರಿಶೀಲಿಸಲಾರರು ಎಂಬುದು ಅದರ ಕಾರಣ. ಕಾರಣ ಸರಿ, ಆದರೆ ಹೆಸರು ಹೇಳಬಲ್ಲ ಜನರ ಹಾಡು ‘ಅಜ್ಞಾತ ಜನಪದ’ವಾಗಿಬಿಟ್ಟರೆ ಅದು ಶಿಸ್ತೇ?

ಕೃತಿಚೌರ್ಯ ತಡೆಗೆ ಯುಜಿಸಿ 2018ರಲ್ಲಿ ನಿಯಮ ತಂದಿತು. ಸಾಮ್ಯ ಶೇ 10ರೊಳಗಿದ್ದರೆ ದಂಡವಿಲ್ಲ. ಶೇ 60 ಮೀರಿದರೆ ಪ್ರಬಂಧದ ನೋಂದಣಿಯೇ ರದ್ದು. ಈ ಎಣಿಕೆಗೆ ನಾವು ನಂಬಿರುವ ತಂತ್ರಾಂಶ ಮುದ್ರಿತ ಪದಗಳನ್ನು ಪದಗಳೊಡನೆ ಹೋಲಿಸುತ್ತದೆ. ಗೊಲ್ಲರಹಟ್ಟಿಯ ಹಿರಿಯಳೊಬ್ಬಳು ಹೇಳಿದ ಅರ್ಥವನ್ನು ಸಂಶೋಧಕ ತನ್ನದೆಂದು ಬರೆದುಕೊಂಡರೆ ಅದು ಶೇಕಡಾ ಸೊನ್ನೆ!

ಪರಿಹಾರ ಕಷ್ಟದ್ದಲ್ಲ. ಹಾಡಿದವರ ಒಪ್ಪಿಗೆ ಪಡೆದು, ಅವರ ಹೆಸರು, ಊರು, ತಾಲ್ಲೂಕು, ಕೇಳಿದ ದಿನ, ಸಂಗ್ರಹಿಸಿದವರು, ಧ್ವನಿಮುದ್ರಿಕೆ ಇರುವ ಸ್ಥಳ ಇಷ್ಟನ್ನೂ ಆಕರಪಟ್ಟಿಯಲ್ಲಿ ಗ್ರಂಥಗಳ ಜೊತೆಗೇ ನಮೂದಿಸಬೇಕು. ಧ್ವನಿಮುದ್ರಿಕೆಯ ಪ್ರತಿಯನ್ನು ಗ್ರಂಥಾಲಯದಲ್ಲಿರಿಸಿದರೆ ಪರಿಶೀಲನೆಯೂ ಸಾಧ್ಯ. ಕನ್ನಡ ಅಧ್ಯಯನ ವಿಭಾಗಗಳು ಒಟ್ಟಾಗಿ ಇಂಥದೊಂದು ಮಾದರಿಯನ್ನು ರೂಪಿಸಿ, ಎಲ್ಲ ವಿಶ್ವವಿದ್ಯಾಲಯಗಳೂ ಅದನ್ನು ಕಡ್ಡಾಯಗೊಳಿಸಲಿ.

ಆಕರಸೂಚಿ ಪ್ರಬಂಧದ ಅಲಂಕಾರವಲ್ಲ, ಋಣಪತ್ರ. ಚಕ್ರವರ್ತಿಯ ಆಜ್ಞೆಯ ಕೆಳಗೆ ಲಿಪಿಕಾರನ ಹೆಸರಿಗೆ ಎಡೆಯಿದ್ದ ನಾಡಿನಲ್ಲಿ, ಹಾಡು ಕೊಟ್ಟವರ ಹೆಸರಿಗೆ ಒಂದು ಸಾಲನ್ನು ಮೀಸಲಿಡುವುದು ಹೊರೆಯಾಗಬಾರದು.