ಹಿಮದಲ್ಲಿ ಡಬ್ಬಿ ಹುಡುಕಾಟ

ಅಕ್ಟೋಬರ್ ಬಂತೆಂದರೆ ದುರ್ಗಿಗುಡಿಯ ಅಂಗಡಿಗಳಲ್ಲಿ ಒಂದು ಬಗೆಯ ಗಿರಾಕಿಗಳನ್ನು ದೂರದಿಂದಲೇ ಗುರುತಿಸಬಹುದು. ಕೈಯಲ್ಲಿ ಉದ್ದದ ಚೀಟಿ. ಅದರಲ್ಲಿ ಸಾರಿನ ಪುಡಿಗೆ ಬ್ಯಾಡಗಿ ಮೆಣಸಿನಕಾಯಿ, ಬಾಣಂತಿ ಲೇಹ್ಯದ ಸಾಮಾನು, ಉಲ್ಲನ್ ಟೋಪಿ, ದಪ್ಪ ಕಾಲುಚೀಲ. ಮಗಳ ಬಾಣಂತನಕ್ಕೋ ಸೊಸೆಯ ಬಾಣಂತನಕ್ಕೋ ಅಮೆರಿಕ, ಕೆನಡಾ ಕಡೆ ಹೊರಟವರು ಅವರು. ಆ ಚೀಟಿಗೆ ಎರಡು ಪೆನ್ಸಿಲ್ ಸೇರಿಸಿಕೊಳ್ಳಿ ಅಂತ ಹೇಳೋದಕ್ಕೇ ಈ ಸಲದ ಅಂಕಣ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಹೋದ ವರ್ಷ ನಾವಿಬ್ಬರೂ ನವೆಂಬರಿನಿಂದ ಮಾರ್ಚ್‌ವರೆಗೆ ಮಿನಿಯಾಪೊಲಿಸ್‌ನಲ್ಲಿದ್ದೆವು. ಮಗಳಿಗೆ ಎರಡನೇ ಮಗು. ನನಗೇನೋ ಎಣ್ಣೆ, ನೀರು, ಅಡುಗೆ ಅಂತ ಬೆಳಗಾದರೆ ಕೆಲಸ. ನಮ್ಮನೆಯವರಿಗೆ? ಇಲ್ಲಿ ಬೆಳಿಗ್ಗೆ ಗಾಂಧಿ ಪಾರ್ಕಿನಲ್ಲಿ ನಾಲ್ಕು ಸುತ್ತು, ಆಮೇಲೆ ಪೇಪರ್, ಸ್ನೇಹಿತರ ಜೊತೆ ಹರಟೆ. ಅಲ್ಲಿ ಕಿಟಕಿ ಪಕ್ಕದ ಕುರ್ಚಿ, ಹೊರಗೆ ಸೊನ್ನೆಗಿಂತ ಹದಿನೈದು ಇಪ್ಪತ್ತು ಡಿಗ್ರಿ ಕೆಳಗೆ. ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿಬಿಡುತ್ತಾನೆ. ಅಲ್ಲಿ ಮಧ್ಯಾಹ್ನ ಆದಾಗ ಇಲ್ಲಿ ರಾತ್ರಿ ಹನ್ನೊಂದೂವರೆ, ಫೋನ್ ಮಾಡಿ ಮಾತಾಡೋಣ ಅಂದರೆ ಎಲ್ಲರೂ ಮಲಗಿರುತ್ತಾರೆ. ಎರಡನೇ ವಾರಕ್ಕೇ ‘ಟಿಕೆಟ್ ಹಿಂದಕ್ಕೆ ಹಾಕಿಸೋಕೆ ಆಗುತ್ತಾ ನೋಡು’ ಅಂದರು. ಮಾತೂ ಕಮ್ಮಿಯಾಯ್ತು, ಊಟವೂ ಕಮ್ಮಿಯಾಯ್ತು. ಇನ್ನೊಂದು ಕಡೆ ಒಂಬತ್ತು ವರ್ಷದ ಮೊಮ್ಮಗ. ಮನೆಯವರ ಗಮನವೆಲ್ಲ ಹೊಸ ಪಾಪುವಿನ ಮೇಲೆ, ಅವನು ಟ್ಯಾಬ್ ಬಿಡೋದಿಲ್ಲ. ಇಬ್ಬರನ್ನೂ ನೋಡಿ ನನಗೆ ಹೊಟ್ಟೆಯಲ್ಲಿ ಸಂಕಟ.

ಅಳಿಯಂದಿರು ಒಂದು ಭಾನುವಾರ, ‘ಮಾವ, ಡಬ್ಬಿ ಹುಡುಕೋಕೆ ಬರ್ತೀರಾ?’ ಅಂದರು. ಅದರ ಹೆಸರು ಜಿಯೋಕ್ಯಾಶಿಂಗ್.

ಆಟ ಸರಳ. ಯಾರೋ ಒಬ್ಬರು ಒಂದು ಡಬ್ಬಿಯನ್ನು ಸಾರ್ವಜನಿಕ ಜಾಗದಲ್ಲಿ ಅಡಗಿಸಿ, ಆ ಜಾಗದ ಅಕ್ಷಾಂಶ ರೇಖಾಂಶವನ್ನು ವೆಬ್‌ಸೈಟಿಗೆ ಹಾಕುತ್ತಾರೆ. ನೀವು ಮೊಬೈಲಿನ ಜಿಪಿಎಸ್ ಹಿಡಿದು ಹೋಗಿ ಹುಡುಕಬೇಕು, ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಇದ್ದಲ್ಲೇ ಇಟ್ಟು ಬರಬೇಕು. ಬಹುಮಾನ ಏನೂ ಇಲ್ಲ. ದೊಡ್ಡ ಡಬ್ಬಿಯಲ್ಲಿ ಮಕ್ಕಳಿಗೆ ಸಣ್ಣಪುಟ್ಟ ಆಟಿಕೆ ಇರುತ್ತೆ, ಒಂದು ತಗೊಂಡರೆ ಅದರ ಬದಲು ಒಂದು ಇಡಬೇಕು. ಇದು ಶುರುವಾದ ಕಥೆಯೂ ಚೆನ್ನಾಗಿದೆ. ಮೊದಲು ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಅಮೆರಿಕ ಸರ್ಕಾರ ಬೇಕೆಂದೇ ಮಸುಕು ಮಾಡಿ ಕೊಡುತ್ತಿತ್ತು, ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. 2000ದ ಮೇ 2ಕ್ಕೆ ಆ ಮಸುಕು ತೆಗೆದರು. ಮಾರನೇ ದಿನವೇ ಆರೆಗಾನ್ ರಾಜ್ಯದಲ್ಲಿ ಡೇವ್ ಅಲ್ಮರ್ ಎಂಬುವರು ಕಾಡಿನಲ್ಲಿ ಒಂದು ಕಪ್ಪು ಬಕೆಟ್ ಅಡಗಿಸಿಟ್ಟು, ಹುಡುಕಿ ನೋಡೋಣ ಅಂತ ಇಂಟರ್ನೆಟ್ಟಿನಲ್ಲಿ ಬರೆದರು. ಒಳಗೆ ಪುಸ್ತಕ, ಕವಣೆ, ಒಂದು ಡಬ್ಬಿ ಬೀನ್ಸ್! ಈಗ ಪ್ರಪಂಚದಲ್ಲಿ ಇಂಥವು ಮೂವತ್ತು ಲಕ್ಷಕ್ಕೂ ಹೆಚ್ಚಿವೆಯಂತೆ.

ಬೇಸಿಗೆಯಲ್ಲಿ ಇದು ಮಕ್ಕಳಾಟ. ಹಿಮ ಬಿದ್ದ ಮೇಲೆ ಲೆಕ್ಕಾಚಾರವೇ ಬೇರೆ. ಮರದ ಬುಡದ ಪೊಟರೆಯಲ್ಲಿಟ್ಟ ಡಬ್ಬಿಯ ಮೇಲೆ ಮೊಣಕಾಲುದ್ದ ಹಿಮ ಕೂತಿರುತ್ತೆ. ಅಂಥದ್ದನ್ನು ಹುಡುಕಲು ಹೋದರೆ ಕೈ ಮರಗಟ್ಟುವುದು ಬಿಟ್ಟರೆ ಬೇರೇನೂ ಸಿಗೋದಿಲ್ಲ. ಅದಕ್ಕೇ ಪಟ್ಟಿಯಲ್ಲಿ ಕೆಲವು ಡಬ್ಬಿಗಳ ಮುಂದೆ ಪುಟ್ಟ ಹಿಮದ ಹರಳಿನ ಗುರುತು ಹಾಕಿರುತ್ತಾರೆ: ಚಳಿಗಾಲದಲ್ಲೂ ಸಿಗುತ್ತೆ ಅಂತ ಅರ್ಥ. ಮರಕ್ಕೆ ನೇತುಹಾಕಿದ್ದು, ಸೇತುವೆಯ ಕಂಬಿಗೆ ಅಯಸ್ಕಾಂತದಿಂದ ಅಂಟಿಸಿದ್ದು, ಇಂಥವು. ಅಳಿಯಂದಿರು ಇನ್ನೊಂದು ಉಪಾಯ ಹೇಳಿದರು. ಹಿಂದೆ ಹೋದವರು ಬರೆದದ್ದನ್ನು ಓದಬೇಕು. ಜನವರಿಯಲ್ಲಿ, ಫೆಬ್ರವರಿಯಲ್ಲಿ ಯಾರಾದರೂ ಕಂಡುಹಿಡಿದಿದ್ದರೆ ನಮಗೂ ಸಿಗುತ್ತೆ. ಬರೀ ಜುಲೈ, ಆಗಸ್ಟ್ ತಾರೀಕೇ ಇದ್ದರೆ ಬಿಟ್ಟುಬಿಡಿ.

ಈಗ ಪೆನ್ಸಿಲ್ ವಿಷಯ. ಆ ಚಳಿಗೆ ಬಾಲ್‌ಪೆನ್ನಿನ ಶಾಯಿ ಗಟ್ಟಿಯಾಗಿ ಕೂತುಬಿಡುತ್ತೆ, ಎಷ್ಟು ಗೀಚಿದರೂ ಬರೆಯಲ್ಲ. ಪೆನ್ಸಿಲ್ಲಿಗೆ ಚಳಿಯಿಲ್ಲ, ಮಳೆಯಿಲ್ಲ. ಮೊಬೈಲ್ ಕೂಡ ಹಾಗೇ, ಚಳಿಯಲ್ಲಿ ಬ್ಯಾಟರಿ ನೋಡನೋಡುತ್ತ ಇಳಿಯುತ್ತೆ, ಕೆಲವೊಮ್ಮೆ ಅರ್ಧ ಚಾರ್ಜ್ ಇದ್ದರೂ ಆಫ್ ಆಗುತ್ತೆ. ಕೋಟಿನ ಒಳಜೇಬಿನಲ್ಲಿ ಮೈಗೆ ತಾಗಿಸಿಟ್ಟುಕೊಂಡು, ಬೇಕಾದಾಗ ಮಾತ್ರ ತೆಗೆಯಬೇಕು. ಡಬ್ಬಿಯ ಮುಚ್ಚಳ ಹೆಪ್ಪುಗಟ್ಟಿದ್ದರೆ ಬಲ ಹಾಕಬಾರದು, ಚಳಿಗೆ ಪ್ಲಾಸ್ಟಿಕ್ ಹಪ್ಪಳದ ಹಾಗೆ ಮುರಿಯುತ್ತೆ. ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದರೆ ಸಾಕು.

ನನಗೆ ಬಹಳ ಹಿಡಿಸಿದ್ದು ಹೆಜ್ಜೆ ಗುರುತಿನ ವಿಚಾರ. ಹಿಮದಲ್ಲಿ ನಡೆದರೆ ದಾರಿಯೇ ಬರೆದಿಟ್ಟ ಹಾಗೆ. ನಾವು ನೆಟ್ಟಗೆ ಆ ಮರಕ್ಕೇ ಹೋಗಿ ವಾಪಸ್ ಬಂದರೆ ಮುಂದೆ ಬರುವವರಿಗೆ ಹುಡುಕೋದು ಏನುಳಿಯುತ್ತೆ? ಆಟ ಗೊತ್ತಿಲ್ಲದವರು ಡಬ್ಬಿ ಎತ್ತಿಕೊಂಡೂ ಹೋಗಬಹುದು. ‘ಅಜ್ಜ, ಹೆಜ್ಜೆ! ಬೇರೆ ಮರಗಳ ಹತ್ರಾನೂ ಹೋಗ್ಬೇಕು’ ಅಂತ ಮೊಮ್ಮಗನ ಕೂಗು. ಎಪ್ಪತ್ತರ ಹತ್ತಿರದ ಮನುಷ್ಯ, ನಿವೃತ್ತ ಅಧಿಕಾರಿ, ಐದಾರು ಮರಗಳಿಗೆ ಸುಮ್ಮನೆ ಪ್ರದಕ್ಷಿಣೆ ಹಾಕಿ ಬಂದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬೇರೆಯವರ ಹೆಜ್ಜೆ ಹಿಡಿದು ಹೋಗೋದು ಕಳ್ಳಾಟ ಅಂತ ಹುಡುಗನ ವಾದ. ನನ್ನ ಪ್ರಕಾರ ಅಲ್ಲ. ಕಣ್ಣಿರೋದೇ ನೋಡೋದಕ್ಕೆ.

ಒಂದು ದಿನ ಮಾತ್ರ ಜಗಳವೇ ಆಯಿತು. ಮಗಳು, ಅಳಿಯ ಪಾಪುವನ್ನು ನೋಡಿಕೊಂಡಿದ್ದರು, ನಾವು ಮೂವರೇ ಮನೆ ಹತ್ತಿರದ ಪಾರ್ಕಿಗೆ ಹೋಗಿದ್ದೆವು. ಮೊಬೈಲಿನ ಬಾಣ ಎದುರಿಗೇ ತೋರಿಸುತ್ತಿದೆ, ಇನ್ನು 180 ಮೀಟರ್ ಅಷ್ಟೇ. ಮುಂದೆ ಬೆಳ್ಳಗೆ ಹಾಸಿದ ಬಯಲು, ಒಂದು ಗಿಡವಿಲ್ಲ. ಹುಡುಗ ಓಡಲು ಹೊರಟ. ನನಗೆ ಅನುಮಾನ ಬಂತು, ಇಷ್ಟು ಮಟ್ಟಸವಾದ ನೆಲ ಎಲ್ಲಾದರೂ ಇರುತ್ತಾ? ಅಂಚಿನಲ್ಲಿ ಜೊಂಡು ಇಣುಕುತ್ತಿತ್ತು. ಅದು ಕೆರೆ! ಮಿನಿಸೋಟಾದ ಗಾಡಿಗಳ ನಂಬರ್ ಪ್ಲೇಟಿನ ಮೇಲೇ ಹತ್ತು ಸಾವಿರ ಕೆರೆಗಳು ಅಂತ ಬರೆದಿರುತ್ತೆ. ಬಾಣಕ್ಕೆ ಕೆರೆ ಗೊತ್ತಿಲ್ಲ, ಅದು ಹಕ್ಕಿ ಹಾರುವ ದಾರಿ ತೋರಿಸುತ್ತೆ ಅಷ್ಟೇ. ಮನುಷ್ಯರು ನಡೆಯಬೇಕಾದರೆ ಹೊಸದಾಗಿ ಕಟ್ಟಿದ ತಿಳಿ ಮಂಜುಗಡ್ಡೆ ಕನಿಷ್ಠ ನಾಲ್ಕು ಇಂಚು ದಪ್ಪ ಇರಬೇಕು ಅಂತ ಅಲ್ಲಿನ ನೈಸರ್ಗಿಕ ಸಂಪನ್ಮೂಲ ಇಲಾಖೆ ಹೇಳುತ್ತೆ. ಮೇಲೆ ಹಿಮ ಬಿದ್ದಿದ್ದರೆ ಅದು ಕಂಬಳಿ ಹೊದಿಸಿದ ಹಾಗೆ, ಕೆಳಗೆ ಮಂಜುಗಡ್ಡೆ ಬೇಗ ಗಟ್ಟಿಯಾಗಲ್ಲ, ತೆಳುವಾದ ಜಾಗ ಕಣ್ಣಿಗೂ ಕಾಣಲ್ಲ. ‘ಎಲ್ರೂ ಹೋಗ್ತಾರೆ ಅಜ್ಜಿ, ಮೀನು ಹಿಡಿಯೋಕೆ ಕಾರೇ ತಗೊಂಡು ಹೋಗ್ತಾರೆ’ ಅಂದ. ಹೋಗಲಿ, ಅವರು ಕೊರೆದು ಅಳೆದು ಹೋಗುವವರು. ನಾನು ಬಿಡಲಿಲ್ಲ. ಹುಡುಗ ಅತ್ತ, ಅಜ್ಜನೂ ಮುಖ ಊದಿಸಿಕೊಂಡರು. ದಂಡೆ ಸುತ್ತಿಕೊಂಡು ಒಂದು ಕಿಲೋಮೀಟರ್ ಮೇಲೆ ನಡೆಸಿದೆ. ಡಬ್ಬಿ ಸಿಕ್ಕಿತು, ಒಂದು ಬೆಂಚಿನ ಕೆಳಗೆ. ಅಜ್ಜ ಪೆನ್ಸಿಲ್ ತೆಗೆದು ಕನ್ನಡದಲ್ಲೇ ಹೆಸರು ಬರೆದು, ಕೆಳಗೆ ‘ದುರ್ಗಿಗುಡಿ, ಶಿವಮೊಗ್ಗ’ ಅಂತ ಸೇರಿಸಿದರು.

ನಮ್ಮ ವಯಸ್ಸಿನವರು ಜಾರಿ ಬೀಳುವ ವಿಚಾರವನ್ನೂ ನೆನಪಿಟ್ಟುಕೊಳ್ಳಬೇಕು. ಶೂಗೆ ಹೊರಗಿನಿಂದ ಎಳೆದು ಹಾಕಿಕೊಳ್ಳುವ ಮುಳ್ಳಿನ ರಬ್ಬರ್ ಪಟ್ಟಿ ಅಲ್ಲೇ ಸಿಗುತ್ತೆ, ಮೊದಲ ದಿನವೇ ತರಿಸಿಕೊಳ್ಳಿ. ಟ್ರಾವೆಲ್ ಇನ್ಶೂರೆನ್ಸ್ ಇಲ್ಲದೆ ಹೊರಡಬೇಡಿ. ಅಲ್ಲಿ ಸೊಂಟದ ಮೂಳೆ ಮುರಿದರೆ ಬರುವ ಬಿಲ್ಲಿಗೆ ಮಕ್ಕಳು ಮನೆ ಮಾರಬೇಕಾದೀತು. ಮಧ್ಯಾಹ್ನ ಎರಡಕ್ಕೆ ಹೊರಟು ನಾಲ್ಕರೊಳಗೆ ಮನೆ ಸೇರಬೇಕು, ಎಲ್ಲಿಗೆ ಹೋಗ್ತೀವಿ ಅಂತ ಮನೆಯಲ್ಲಿ ಹೇಳಿರಬೇಕು.

ಮಾರ್ಚ್ ಹೊತ್ತಿಗೆ ಅಜ್ಜ ಮೊಮ್ಮಗ ಸೇರಿ ನಲವತ್ತೊಂದು ಡಬ್ಬಿ ಹುಡುಕಿದ್ದರು. ಟಿಕೆಟ್ ಹಿಂದಕ್ಕೆ ಹಾಕಿಸುವ ಮಾತು ಮತ್ತೆ ಬರಲಿಲ್ಲ.

ಊರಿಗೆ ಬಂದ ಮೇಲೆ ಕೇಳಿದವರೆಲ್ಲರ ಪ್ರಶ್ನೆ ಒಂದೇ, ಇಲ್ಲಿ ಆಡಬಹುದಾ? ಬೆಂಗಳೂರಿನ ಕಡೆ ಕೆಲವು ಡಬ್ಬಿಗಳಿವೆ. ನಮ್ಮಲ್ಲಿ ರಸ್ತೆ ಬದಿ ಡಬ್ಬಿ ಅಡಗಿಸುವ ಸಾಹಸ ಬೇಡ. 2023ರ ನವೆಂಬರಿನಲ್ಲಿ ನಮ್ಮ ರೈಲು ನಿಲ್ದಾಣದ ಹತ್ತಿರ ವಾರಸುದಾರರಿಲ್ಲದ ಪೆಟ್ಟಿಗೆ ಸಿಕ್ಕಿ ಬಾಂಬ್ ನಿಷ್ಕ್ರಿಯ ದಳ ಬಂದಿದ್ದು ಮರೆತಿಲ್ಲ ತಾನೆ? ಅಭಯಾರಣ್ಯದೊಳಗೆ ಹೋಗಿ ಇಡುವುದಂತೂ ಕೇಳಲೇಬೇಡಿ. ನಮ್ಮದೇ ಕಾಂಪೌಂಡು, ನೆಂಟರ ತೋಟ, ಅಲ್ಲಿ ಧಾರಾಳವಾಗಿ ಆಡಬಹುದು.

ಜೂನ್‌ನಲ್ಲಿ ಮೊಮ್ಮಗ ಬರುತ್ತಾನೆ. ಅವನಿಗೆ ಅದು ಬೇಸಿಗೆ ರಜೆ, ನಮಗೆ ಜಡಿಮಳೆ. ‘ಅಲ್ಲಿ ಸ್ನೋ ಇಲ್ಲ, ಆದ್ರೆ ಮಳೆಗೆ ಪೇಪರ್ ಒದ್ದೆ ಆಗಲ್ವಾ ಅಜ್ಜ?’ ಅಂತ ಫೋನಿನಲ್ಲಿ ಕೇಳಿದ್ದೇ ತಡ, ನಮ್ಮನೆಯವರು ಹಳೇ ಹಾರ್ಲಿಕ್ಸ್ ಬಾಟ್ಲಿಗಳನ್ನೆಲ್ಲ ಅಟ್ಟದಿಂದ ಇಳಿಸಿ, ಒಂದೊಂದನ್ನೇ ಬಕೆಟ್ಟಿನ ನೀರಲ್ಲಿ ಮುಳುಗಿಸಿ ಮುಚ್ಚಳ ಪರೀಕ್ಷೆ ಮಾಡುತ್ತಿದ್ದಾರೆ. ಇಲ್ಲಿಯವರೆಗೆ ಎರಡು ಪಾಸಾಗಿವೆ.