ದೇವರ ದೀಪಕ್ಕೆ ಯಾವ ಬತ್ತಿ?

ಕಾರ್ತಿಕ ಬಹುಳ ಅಮಾವಾಸ್ಯೆಯ ರಾತ್ರಿ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಜರಗುವ ಲಕ್ಷದೀಪೋತ್ಸವವನ್ನು ಒಮ್ಮೆಯಾದರೂ ನೋಡದವರು ನಮ್ಮ ವಾಚಕರಲ್ಲಿ ವಿರಳರಾಗಿರಬೇಕು. ರಥಬೀದಿಯಲ್ಲಿ ಹಣತೆಗಳು ಸಾಲುಗಟ್ಟಿ ಉರಿಯುತ್ತಿರುವಾಗ ಎಣ್ಣೆಯ ಧಾರಣೆಯನ್ನು ಕುರಿತು ಮಾತನಾಡುವವರುಂಟು. ಜನಸಂದಣಿಯನ್ನು ಕುರಿತು ಮಾತನಾಡುವವರುಂಟು. ಆ ಹಣತೆಯೊಳಗಣ ಬತ್ತಿ ಯಾವ ವಸ್ತುವಿನದೆಂದು ಕೇಳಿದವರನ್ನು ಮಾತ್ರ ನಾವು ಈ ತನಕ ಕಂಡಿಲ್ಲ. ಇದು ಅಲ್ಪ ವಿಷಯವೆಂದು ತೋರಬಹುದು. ಪರಂತು ಕೊಡಪಾನ ತುಂಬ ತುಪ್ಪವಿದ್ದರೂ ಬತ್ತಿಯಿಲ್ಲದೆ ಬೆಳಕಿಲ್ಲವಷ್ಟೆ.

2024ನೆಯ ಇಸವಿಯ ಸೆಪ್ಟೆಂಬರಿನಲ್ಲಿ, ತಿರುಪತಿಯ ಲಡ್ಡುವಿನ ತುಪ್ಪವನ್ನು ಕುರಿತು ಗದ್ದಲವೆದ್ದಾಗ, ನಮ್ಮ ರಾಜ್ಯದ ಧಾರ್ಮಿಕ ದತ್ತಿ ಇಲಾಖೆಯವರು ತಮ್ಮ ಅಧೀನದ ದೇವಾಲಯಗಳಲ್ಲಿ ದೀಪಕ್ಕೂ ಪ್ರಸಾದಕ್ಕೂ ದಾಸೋಹಕ್ಕೂ ನಂದಿನಿ ತುಪ್ಪವನ್ನೇ ಉಪಯೋಗಿಸತಕ್ಕದ್ದೆಂದು ಆಜ್ಞೆ ಹೊರಡಿಸಿದರು. ಆ ಇಲಾಖೆಗೆ ಸೇರಿದ ದೇವಾಲಯಗಳು ಸುಮಾರು 34 ಸಾವಿರ; ಹಲವು ವರ್ಷಗಳಿಂದ ಆದಾಯದಲ್ಲಿ ಅವುಗಳಲ್ಲೆಲ್ಲ ಮೊದಲನೆಯದು ಸುಬ್ರಹ್ಮಣ್ಯ. ಆಜ್ಞೆ ಯುಕ್ತವಾದುದೇ ಎಂದು ನಮ್ಮ ಅಭಿಪ್ರಾಯ. ಆದರೆ ತುಪ್ಪ ಶುದ್ಧವಾಗಿರಬೇಕೆಂದು ಕಂಡ ಅಧಿಕಾರಿಗಳವರಿಗೆ, ಆ ತುಪ್ಪವನ್ನು ಹೀರಿ ಜ್ವಾಲೆಗೆ ಒಪ್ಪಿಸುವ ಎಳೆಯೂ ಶುದ್ಧವಾಗಿರಬೇಕೆಂದು ಏತಕ್ಕೆ ಕಾಣಲಿಲ್ಲ?

ಬತ್ತಿಯ ಮುಖ್ಯ ಕೆಲಸ ತಾನು ಉರಿಯುವುದಲ್ಲ, ಎಣ್ಣೆಯನ್ನು ಮೇಲಕ್ಕೇರಿಸುವುದು. ಎಳೆಎಳೆಗಳ ನಡುವಣ ಸೂಕ್ಷ್ಮ ಸಂದುಗಳಲ್ಲಿ ಎಣ್ಣೆ ತಾನಾಗಿ ಏರುತ್ತದೆ. ತುದಿಯಲ್ಲಿ ಕಾವಿಗೆ ಆವಿಯಾಗುತ್ತದೆ. ಬೆಳಕು ಕೊಡುತ್ತ ಉರಿಯುವುದು ಆ ಆವಿಯೇ. ಮೈಕೇಲ್ ಫ್ಯಾರಡೆಯವರು 1860ರ ಕ್ರಿಸ್ಮಸ್ ಸಮಯದಲ್ಲಿ ಲಂಡನಿನ ಬಾಲಕರ ಮುಂದೆ ಒಂದು ಮೇಣದ ಬತ್ತಿಯನ್ನು ಹಚ್ಚಿಟ್ಟು ಇದನ್ನು ವಿವರಿಸಿದರು. ನಮ್ಮ ಅಜ್ಜಿಯಂದಿರು ವಿವರಿಸದೆಯೇ ಮಾಡುತ್ತಿದ್ದರು. ಎಣ್ಣೆ ಏರುತ್ತಿರುವಷ್ಟು ಕಾಲ ಹತ್ತಿಯ ತುದಿ ಮಾತ್ರ ಕರಿಕಾಗುತ್ತದೆ. ಹತ್ತಿ ಕರಗುವ ವಸ್ತುವಲ್ಲ. ಹೆಚ್ಚು ಕಾದರೆ ಕರಿಯಾಗಿ, ಬಳಿಕ ಬೂದಿಯಾಗುತ್ತದೆ. ಪಾಲಿಯೆಸ್ಟರ್ ಹಾಗಲ್ಲ. ಅದು ಸುಮಾರು 260 ಡಿಗ್ರಿ ಸೆಂಟಿಗ್ರೇಡಿನಲ್ಲಿ ಕರಗಿ ಮುದ್ದೆಯಾಗುತ್ತದೆ. ಜ್ವಾಲೆಯ ಕಾವಾದರೋ ಸಾವಿರ ಡಿಗ್ರಿಯ ಆಸುಪಾಸಿನದು. ಕರಗಿದ ಎಳೆ ಸಂದುಗಳನ್ನು ಮುಚ್ಚುವುದು, ಎಣ್ಣೆ ತಡೆಯುವುದು, ತುದಿ ಗಂಟುಕಟ್ಟಿ ಕರಿಹೊಗೆ ಬಿಡುವುದು. ಕಿಟಕಿಯಿಲ್ಲದ ಗರ್ಭಗುಡಿಯಲ್ಲಿ ದಿನಕ್ಕೆ ಹಲವು ಗಂಟೆ ನಿಲ್ಲುವ ಅರ್ಚಕರ ಶ್ವಾಸಕ್ಕೆ ಹೋಗುವುದು ಈ ಹೊಗೆ.

ಮೊನ್ನೆ ನಾವು ಪೇಟೆಯ ಮೂರು ಅಂಗಡಿಗಳಿಂದ "ಶುದ್ಧ ಹತ್ತಿ" ಎಂಬ ಚೀಟಿಯುಳ್ಳ ಬತ್ತಿಯ ಕಟ್ಟುಗಳನ್ನು ತರಿಸಿ ಕಾರ್ಯಾಲಯದ ಮೇಜಿನ ಮೇಲೆ ಪರೀಕ್ಷಿಸಿದೆವು. ಎರಡು ಕಟ್ಟಿನ ಬತ್ತಿಗಳು ಕಾಗದ ಸುಟ್ಟ ವಾಸನೆ ಬೀರಿ, ಬೆರಳಿನಲ್ಲಿ ಒತ್ತಿದರೆ ಪುಡಿಯಾಗುವ ಬೂದು ಬಣ್ಣದ ಬೂದಿಯನ್ನು ಬಿಟ್ಟವು. ಮೂರನೆಯದು ಜ್ವಾಲೆಯನ್ನು ಕಾಣುತ್ತಲೇ ಮುದುಡಿ, ಸಾಸಿವೆಯಷ್ಟು ಗಟ್ಟಿ ಕರಿಮಣಿಯಾಗಿ ನಿಂತಿತು. ಮೂರರ ಬೆಲೆಯೂ ಹೆಚ್ಚು ಕಡಿಮೆ ಒಂದೇ. ನೋಡುವುದಕ್ಕೆ ಮೂರನೆಯದೇ ಹೆಚ್ಚು ಬಿಳುಪು! ಇಷ್ಟರಿಂದಲೇ ಎಲ್ಲ ವರ್ತಕರನ್ನೂ ದೂರುವುದು ನ್ಯಾಯವಲ್ಲ. ಅಂಗಡಿಯವನೂ ಚೀಟಿಯನ್ನು ನಂಬಿ ಕೊಂಡವನೇ.

ಸುಟ್ಟು ನೋಡುವ ಈ ಪರೀಕ್ಷೆಗೆ ಸಿಕ್ಕದ ಇನ್ನೊಂದು ಎಳೆಯುಂಟು, ಅದು ರೇಯಾನ್. ಮರದ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ಮತ್ತೆ ನೂಲಾಗಿ ಎಳೆಯುವ ಈ ಸರಕು ನಮ್ಮ ರಾಜ್ಯದಲ್ಲಿಯೇ, ಹರಿಹರದ ಸಮೀಪದ ಕುಮಾರಪಟ್ಟಣದಲ್ಲಿ, ತಯಾರಾಗುತ್ತದೆ. ಮೂಲದಲ್ಲಿ ಹತ್ತಿಯ ಜಾತಿಯದೇ ಆದುದರಿಂದ ಹತ್ತಿಯಂತೆಯೇ ಉರಿಯುತ್ತದೆ. ಪಾಲಿಯೆಸ್ಟರಿನಷ್ಟು ದೂಷ್ಯವೂ ಅಲ್ಲ. ಆದರೂ ಹತ್ತಿಯೆಂದು ಹೇಳಿ ಅದನ್ನು ಮಾರುವುದು ಸುಳ್ಳೇ. ಗುರುತಿಸುವ ಉಪಾಯ ಸುಲಭ: ಎಳೆಯನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ ಎಳೆಯಬೇಕು. ಒದ್ದೆಯಾದ ಹತ್ತಿಯ ದಾರ ಒಣಗಿದ್ದಾಗಿನದಕ್ಕಿಂತ ಬಲವಾಗಿರುತ್ತದೆ. ಒದ್ದೆ ರೇಯಾನ್ ಅರ್ಧದಷ್ಟು ಬಲವನ್ನು ಕಳೆದುಕೊಂಡು ತಟ್ಟನೆ ಹರಿಯುತ್ತದೆ. ಉಗ್ರಾಣದ ಗುಮಾಸ್ತರು ಒಂದು ಕಡ್ಡಿಪೆಟ್ಟಿಗೆಯಿಂದಲೂ ಒಂದು ಲೋಟ ನೀರಿನಿಂದಲೂ ಈ ಎರಡು ಪರೀಕ್ಷೆಗಳನ್ನು ಐದು ನಿಮಿಷದಲ್ಲಿ ಮುಗಿಸಬಲ್ಲರು.

ಇಲ್ಲಿ ಒಂದು ವಿಚಿತ್ರ ಸಂಗತಿಯನ್ನು ಹೇಳದಿರಲಾರೆವು. ಇ-ಸಿಗರೇಟೆಂಬ ಹೊಗೆಯಂತ್ರವನ್ನು ನಮ್ಮ ರಾಜ್ಯ ಸರಕಾರದವರು 2016ರಲ್ಲಿಯೂ, ಕೇಂದ್ರ ಸರಕಾರದವರು 2019ರ ಕಾಯಿದೆಯಿಂದ ದೇಶಾದ್ಯಂತವೂ ನಿಷೇಧಿಸಿರುವರು. ತಯಾರಿಕೆ, ಆಮದು, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದ ತನಕ ಸೆರೆ, ಇಲ್ಲವೆ ಲಕ್ಷ ರೂಪಾಯಿಯ ತನಕ ದಂಡ, ಇಲ್ಲವೆ ಎರಡೂ. ಈ ನಿಷೇಧಕ್ಕೆ ನಮ್ಮ ಪೂರ್ಣ ಸಮ್ಮತಿಯುಂಟು. ಆ ಯಂತ್ರದೊಳಗೂ ಇರುವುದು ಬತ್ತಿಯೇ! ಸುರುಳಿಯಾಗಿ ಸುತ್ತಿದ ತಂತಿಯೊಳಗೆ ಹತ್ತಿಯನ್ನು ತೂರಿಸಿ, ಅದು ಹೀರಿದ ದ್ರವವನ್ನು ವಿದ್ಯುತ್ತಿನಿಂದ ಕಾಯಿಸಿ ಆವಿ ಮಾಡುತ್ತಾರೆ. ಪರದೇಶಗಳಲ್ಲಿ ಈ ಯಂತ್ರವನ್ನು ಬಿಚ್ಚಿ ಕಟ್ಟುವ ಚಟದವರು ಮೊದಲು ಗಾಜಿನ ಜಾತಿಯ ಸಿಲಿಕಾ ನೂಲನ್ನು ಬಳಸಿದರು. ಅದರ ಧೂಳು ಶ್ವಾಸಕೋಶಕ್ಕೆ ಹೋದೀತೆಂದು ಅಂಜಿ ಹತ್ತಿಗೆ ಬಂದರು. ಕೆಲವರು ರೇಯಾನನ್ನೂ ಉಕ್ಕಿನ ಜಾಲರಿಯನ್ನೂ ಮೆಚ್ಚಿದರು. ಬಿಳುಪು ಮಾಡಿದ ಹತ್ತಿ ರುಚಿ ಕೆಡಿಸುತ್ತದೆಂದು ಅದನ್ನು ಕುದಿಸಿ ತೊಳೆದರು. ಸಾಲದೆಂದು ಜಪಾನಿನಿಂದ ಬಿಳುಪು ಮಾಡದ ಹತ್ತಿಯನ್ನು ತರಿಸಿದರು. ಬತ್ತಿಯನ್ನು ಬಿಗಿಯಾಗಿ ತುರುಕಿದರೆ ದ್ರವವೇರದೆ ಹತ್ತಿ ಸೀಯುವುದೆಂದೂ, ಸಡಿಲ ಬಿಟ್ಟರೆ ಸೋರುವುದೆಂದೂ ಅವರ ಚರ್ಚೆಗೆ ಅಂತವಿಲ್ಲ. ತನ್ನ ಶರೀರಕ್ಕೆ ಕೇಡನ್ನು ಎಳೆದುಕೊಳ್ಳುವವನು ಬತ್ತಿಯ ವಿಷಯದಲ್ಲಿ ಇಷ್ಟು ವಿವೇಚಿಸುತ್ತಾನೆ. ದೇವರ ಮುಂದೆ ದೀಪವಿಡುವ ನಾವು ಕಟ್ಟಿನ ಮೇಲಣ ಚೀಟಿಯನ್ನು ಕೂಡ ಪೂರ್ತಿ ಓದುವುದಿಲ್ಲ.

ನಮ್ಮ ಜಿಲ್ಲೆಯ ಮಳೆಗೆ ಹತ್ತಿ ಬೆಳೆಯಲೊಲ್ಲದು. ಅದು ಘಟ್ಟದ ಮೇಲಿನಿಂದ ಬರಬೇಕಾದ ಸರಕು. ಆದುದರಿಂದ ಹಿಂದಿನ ಮನೆಗಳಲ್ಲಿ ನೆಣೆಗೆ ಹಳೆಯ ಪಂಚೆಯ ಸೀಳೇ ಗತಿಯಾಗಿತ್ತು. ಹಲವು ಸಲ ಒಗೆದು ಮೆತ್ತಗಾದ ಬಟ್ಟೆಯಲ್ಲಿ ಗಂಜಿಯಾಗಲಿ ಬಣ್ಣವಾಗಲಿ ಉಳಿದಿರುವುದಿಲ್ಲ. ಎಣ್ಣೆ ಸಲೀಸಾಗಿ ಏರುತ್ತದೆ. ಹತ್ತಿಯನ್ನು ದೇವರ ಕೋಣೆಗೆಂದು ತೆಗೆದಿಟ್ಟು, ಬೀಜ ಬಿಡಿಸಿ, ಬೆರಳ ತುದಿಗೆ ವಿಭೂತಿಯನ್ನೋ ಒಂದು ಹನಿ ಹಾಲನ್ನೋ ಹಚ್ಚಿಕೊಂಡು ಹೊಸೆಯುತ್ತಿದ್ದರು. ಲಕ್ಷಬತ್ತಿಯ ವ್ರತ ಹಿಡಿದ ಗೃಹಿಣಿಯರು ತಿಂಗಳುಗಟ್ಟಲೆ ಹೊಸೆದು ಡಬ್ಬಿಗಳಲ್ಲಿ ತುಂಬಿಡುತ್ತಿದ್ದುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ. ಹಿತ್ತಿಲಿನ ಬೂರುಗದ ಹತ್ತಿ ಪುಕ್ಕಟೆ ದೊರೆಯುತ್ತಿದ್ದರೂ ಅದನ್ನು ಹಾಸಿಗೆ ದಿಂಬಿಗೆ ಬಿಟ್ಟರು. ಅದರ ಎಳೆ ನುಣುಪಾದುದು, ಹುರಿಗೆ ನಿಲ್ಲದು. ಇವರಾರೂ ರಸಾಯನಶಾಸ್ತ್ರವನ್ನು ಓದಿದವರಲ್ಲ.

ಹತ್ತಿಯಲ್ಲಿಯೂ ಭೇದವುಂಟು. 2002ರಲ್ಲಿ ಅನುಮತಿ ಪಡೆದ ಬಿಟಿ ಹತ್ತಿ ದೇಶದ ಹತ್ತಿಯ ಹೊಲಗಳಲ್ಲಿ ಬಹುಪಾಲನ್ನು ಆಕ್ರಮಿಸಿದ ಮೇಲೆ, ಧಾರವಾಡದ ಕಡೆಯ ಜಯಧರದಂಥ ನಾಟಿ ತಳಿಗಳು ಮೂಲೆ ಸೇರಿವೆ. ಎಳೆ ಗಿಡ್ಡ, ಒರಟು; ನಯವಾದ ನೂಲಿಗೆ ಆಗದೆಂದು ಗಿರಣಿಯವರು ಒಲ್ಲರು. ಆದರೆ ಬತ್ತಿಗೆ ನಯವೇಕೆ? ಮತ್ತೊಂದು ಮಾತು: ಬಿಳುಪು ಮಾಡದ ಹತ್ತಿಯ ಮೇಲೆ ಸಹಜವಾದ ಮೇಣದ ತೆಳು ಲೇಪವಿರುವುದರಿಂದ ಅದು ನೀರನ್ನು ಬೇಗನೆ ಸೇರಿಸದು, ಎಣ್ಣೆಯನ್ನಾದರೋ ಕೂಡಲೆ ಹೀರುವುದು. ಔಷಧದ ಅಂಗಡಿಯ ಹತ್ತಿಯ ಹಾಲುಬಿಳುಪು ದೀಪಕ್ಕೆ ಬೇಕಾದ ಗುಣವೇ ಅಲ್ಲ.

ಎದುರು ವಾದವಿಲ್ಲವೆಂದಲ್ಲ. ಹತ್ತಿ ಗಾಳಿಯ ತೇವವನ್ನು ಹೀರುತ್ತದೆ. ಸಾಧಾರಣ ಹವೆಯಲ್ಲಿಯೇ ತನ್ನ ತೂಕದ ನೂರಕ್ಕೆ ಸುಮಾರು ಎಂಟರಷ್ಟು ನೀರನ್ನು ಇಟ್ಟುಕೊಂಡಿರುತ್ತದೆ. ಕುಮಾರಪರ್ವತದ ಅಡಿಯಲ್ಲಿ ಆಷಾಢ ಶ್ರಾವಣದ ಮಳೆ ಹಿಡಿದಾಗ ಇನ್ನೂ ಹೆಚ್ಚು. ಆಗ ಬತ್ತಿ ಚಟಪಟಗುಟ್ಟುವುದು, ಹೊತ್ತಿಕೊಳ್ಳಲು ಸತಾಯಿಸುವುದು ನಿಜ. ಪಾಲಿಯೆಸ್ಟರಿಗೆ ಈ ಉಪದ್ರವವಿಲ್ಲವೆಂದು ಅದರ ಮಾರಾಟಗಾರರು ಹೇಳಿದರೆ ಸುಳ್ಳೆನ್ನಲಾಗದು. ಪರಿಹಾರವಾದರೋ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಯೂ ಒಲೆಯ ಮೇಲಣ ಅಟ್ಟದಲ್ಲಿಯೂ ಇದೆ. ಅಂತೆಯೇ ಹೊಗೆಗೆಲ್ಲ ಬತ್ತಿಯ ವಸ್ತುವೊಂದೇ ಕಾರಣವಲ್ಲ. ಅಚ್ಚ ಹತ್ತಿಯದಾದರೂ ಬೆರಳುಗಾತ್ರದ ಬತ್ತಿಯನ್ನು ಎರಡಂಗುಲ ಹೊರಗೆಳೆದು ಹಚ್ಚಿದರೆ ಮಸಿಯೇ ಫಲ. ಕುಡಿ ಸಣ್ಣದಾಗಿರಲಿ.

ವೆಚ್ಚದ ಮಾತನ್ನು ನಾವು ಮನ್ನಿಸಲಾರೆವು. ದೀಪದ ಖರ್ಚಿನಲ್ಲಿ ತುಪ್ಪದ ಪಾಲೆಷ್ಟು, ಬತ್ತಿಯ ಪಾಲೆಷ್ಟು ಎಂಬುದು ಲೆಕ್ಕ ಬಲ್ಲ ಅಧಿಕಾರಿಗಳಿಗೆ ತಿಳಿಯದ್ದಲ್ಲ.

ನಮಗೆ ಇನ್ನೊಂದು ಕಳವಳವಿದೆ. ಯಕ್ಷಗಾನದ ರಾತ್ರಿಗಳನ್ನು ಬೆಳಗಿಸಿದ ಗ್ಯಾಸ್‌ಲೈಟಿನ ಮ್ಯಾಂಟಲಿಗೆ ಬೇಕಾದ ಥೋರಿಯಂ ತಿರುವಾಂಕೂರಿನ ಕಡಲ ಮರಳಿನಿಂದ ಜರ್ಮನಿಗೂ ಇಂಗ್ಲೆಂಡಿಗೂ ಹೋಯಿತು. ನಮ್ಮ ಮರಳನ್ನೇ ಬೆಳಕಾಗಿಸಿ ಅವರು ಜಗತ್ತಿಗೆ ಮಾರಿದರು. ಅದು ಪರರ ಆಳ್ವಿಕೆಯ ಕಾಲ. ಈಗ ಯಾರ ಬಲಾತ್ಕಾರವೂ ಇಲ್ಲ. ಆದಾಗ್ಯೂ 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಯನ್ನು ತಿದ್ದಿ ರಾಷ್ಟ್ರಧ್ವಜಕ್ಕೆ ಯಂತ್ರದ ಪಾಲಿಯೆಸ್ಟರನ್ನೂ ಒಪ್ಪಿಕೊಂಡೆವು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿಯ ಧ್ವಜವನ್ನು ಹೊಲಿಯುವ ಹೆಣ್ಣುಮಕ್ಕಳು ಅಂದು ಪಟ್ಟ ಸಂಕಟ ನಾಡಿಗೆ ಗೊತ್ತಿದೆ. ಧ್ವಜದಲ್ಲಿ ಬಿಟ್ಟುದನ್ನು ದೀಪದಲ್ಲಿಯೂ ಬಿಡಬೇಕೆ?

ಸುಬ್ರಹ್ಮಣ್ಯದವರಿಗೆ ಈ ವಿಷಯವನ್ನು ಹೊರಗಿನಿಂದ ಬೋಧಿಸಬೇಕಾದುದಿಲ್ಲ. ಚಂಪಾಷಷ್ಠಿಯ ಬ್ರಹ್ಮರಥವನ್ನು ಇಂದಿಗೂ ಮಲೆಕುಡಿಯರು ಕಾಡಿನ ಬಿದಿರಿನಿಂದಲೂ ಬೆತ್ತದಿಂದಲೂ ಕಟ್ಟುತ್ತಾರೆ; ರಥವೆಳೆಯುವುದಕ್ಕೂ ಬೆತ್ತವೇ. ನೈಲಾನಿನ ಹಗ್ಗ ಅಗ್ಗವೆಂದೂ ಗಟ್ಟಿಯೆಂದೂ ಯಾರಾದರೂ ಸೂಚಿಸಿದರೆ ಆ ಕ್ಷೇತ್ರದಲ್ಲಿ ಅವರಿಗೆ ದೊರೆಯುವ ಉತ್ತರವನ್ನು ನಾವು ಊಹಿಸಬಲ್ಲೆವು. ಅದೇ ಉತ್ತರ ಹಣತೆಗೂ ಸಲ್ಲಬೇಕು.

ಆದುದರಿಂದ ಆಡಳಿತ ಮಂಡಳಿಯವರಲ್ಲಿಯೂ ಇಲಾಖೆಯವರಲ್ಲಿಯೂ ನಮ್ಮ ಪ್ರಾರ್ಥನೆ ಇಷ್ಟೇ: ಮುಂದಿನ ಲಕ್ಷದೀಪೋತ್ಸವಕ್ಕೆ ಸರಕು ಕೊಳ್ಳುವ ಟೆಂಡರಿನಲ್ಲಿ "ಬಿಳುಪು ಮಾಡದ ಅಚ್ಚ ಹತ್ತಿಯ ಬತ್ತಿ, ಬೆರಕೆ ಕಂಡುಬಂದಲ್ಲಿ ಸರಕು ವಾಪಸು" ಎಂಬ ಒಂದು ಸಾಲನ್ನು ಸೇರಿಸಬೇಕು. ಇದಕ್ಕಿಂತ ಉತ್ತಮವಾದುದು, ಧಾರವಾಡದ ಕಡೆಯಿಂದ ನಾಟಿ ಹತ್ತಿಯನ್ನು ತರಿಸಿ, ಏನೆಕಲ್ಲು, ಪಂಜ, ಗುತ್ತಿಗಾರಿನ ಸ್ವಸಹಾಯ ಸಂಘದ ಹೆಂಗಸರಿಗೆ ಹೊಸೆಯಲು ಕೊಟ್ಟು, ಸಾವಿರಕ್ಕೆ ಇಷ್ಟೆಂದು ಕೂಲಿಯನ್ನು ಗೊತ್ತುಮಾಡುವುದು. ನಾವು ಸುಟ್ಟು ನೋಡಿದ ಮೂರು ಕಟ್ಟುಗಳಲ್ಲಿ ಉಳಿದ ಬತ್ತಿಗಳು ಕಾರ್ಯಾಲಯದಲ್ಲಿವೆ. ಬೇಕೆಂದವರಿಗೆ ತೋರಿಸುವೆವು, ಕಡ್ಡಿಪೆಟ್ಟಿಗೆಯೂ ನಮ್ಮದೇ.